ಕಾರ್ಡ್ ಜೇಬಲ್ಲೇ ಇತ್ತು

ಜನವರಿಯಲ್ಲಿ ಅಪ್ಪನಿಗೆ ಎದೆನೋವು ಬಂತು. ರಾತ್ರಿ ಹನ್ನೊಂದೂವರೆ. ಕಣದಲ್ಲಿ ಒಣ ಹಾಕಿದ್ದ ಕಾಫಿಗೆ ಟಾರ್ಪಾಲ್ ಸರಿಯಾಗಿದೆಯಾ ಅಂತ ನೋಡಲು ಹೋದವರು ಬಂದು ಜಗಲಿಯಲ್ಲೇ ಕೂತುಬಿಟ್ಟರು. ‘ಗ್ಯಾಸ್ ಇರ್ಬೇಕು, ಜೀರಿಗೆ ಕಷಾಯ ಮಾಡಿ’ ಅಂದರು. ಆ ಚಳಿಯಲ್ಲೂ ಅಂಗಿ ಒದ್ದೆಯಾಗಿತ್ತು.

ಸೋಮವಾರಪೇಟೆ ಕಡೆಯ ನಮ್ಮೂರಿಂದ ಮೈಸೂರಿಗೆ ನೂರು ಕಿಲೋಮೀಟರ್‌ಗೂ ಜಾಸ್ತಿ. ಕುಶಾಲನಗರ ಮುಟ್ಟುವವರೆಗೆ ತಿರುವು, ಕತ್ತಲೆ, ಯಾವ ತಿರುವಿನಲ್ಲಿ ಆನೆ ನಿಂತಿದೆಯೋ ಅನ್ನುವ ಭಯ ಬೇರೆ. ಭಾವ ಜೀಪ್ ತೆಗೆದರು. ಅಷ್ಟರಲ್ಲಿ ನಾನು ಮನೆಯೊಳಗೆ ಹುಡುಕುತ್ತಿದ್ದದ್ದು ಏನು ಗೊತ್ತಾ? ವಿಮೆ ಕಾರ್ಡ್. ಅದು ಜೇಬಿಗೆ ಬಿದ್ದ ಮೇಲೆ ಒಂಥರಾ ಧೈರ್ಯ. ‘ನೇರ ಮೈಸೂರಿಗೇ ಬಿಡಿ ಭಾವ’ ಅಂದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಜೀಪನ್ನು ತಾಲ್ಲೂಕು ಆಸ್ಪತ್ರೆಯ ಗೇಟಿನೊಳಗೆ ತಿರುಗಿಸಿದರು. ನನ್ನ ಮಾತು ಕೇಳಿದ್ದರೆ ಅಪ್ಪ ಕುಶಾಲನಗರ ದಾಟುತ್ತಿದ್ದರೋ ಇಲ್ಲವೋ.

ಡ್ಯೂಟಿ ಡಾಕ್ಟರ್ ಇಸಿಜಿ ತೆಗೆದರು. ಅದನ್ನು ಮೊಬೈಲ್‌ನಲ್ಲೇ ಜಯದೇವದ ಹೃದಯ ತಜ್ಞರಿಗೆ ಕಳಿಸಿದರು. ಆ ಕಡೆಯಿಂದ ಸರಿ ಅಂದ ಕೂಡಲೇ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಕೊಟ್ಟರು. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಮದ್ದು ಇದು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ತಡವಾದರೆ ಸತ್ತ ಮಾಂಸಖಂಡ ವಾಪಸ್ ಬರುವುದಿಲ್ಲ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಫ್ರೀ. ಯಾರೂ ನಮ್ಮ ಕಾರ್ಡ್ ಕೇಳಲಿಲ್ಲ. ನಾನೇ ಒಂದು ಸಲ ತೋರಿಸಲು ಹೋದೆ. ಸಿಸ್ಟರ್ ‘ಅದು ಆಮೇಲೆ, ಮೊದ್ಲು ಆ ಕೈ ಹಿಡ್ಕೊಳಿ’ ಅಂದರು.

ಬೆಳಗಿನ ಜಾವ 108ರಲ್ಲಿ ಮೈಸೂರಿಗೆ ಹೊರಟೆವು. ಇಲ್ಲಿ ಮತ್ತೆ ನನ್ನ ಬುದ್ಧಿವಂತಿಕೆ. ವಿಮೆ ಇದೆಯಲ್ಲ, ಯಾಕೆ ಸರ್ಕಾರಿ ಆಸ್ಪತ್ರೆ, ಪ್ರೈವೇಟ್‌ಗೇ ಹೋಗೋಣ ಅಂತ ಹಠ ಮಾಡಿದೆ. ಚಿಕಿತ್ಸೆ ಚೆನ್ನಾಗೇ ಆಯಿತು, ಅದರಲ್ಲಿ ಮಾತಿಲ್ಲ. ಒಂದು ಸ್ಟೆಂಟ್. ಬಿಲ್ 2.60 ಲಕ್ಷ. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ‘ನೀವು 84 ಸಾವಿರ ಕಟ್ಟಬೇಕು ಸಾರ್’ ಅಂದರು. ಅರೆ, ಕ್ಯಾಶ್‌ಲೆಸ್ ಅಲ್ವಾ?

ಆಮೇಲೆ ಮನೆಗೆ ಬಂದು ಪಾಲಿಸಿ ಕಾಗದ ಓದಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. 3 ಲಕ್ಷದ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 1 ಪರ್ಸೆಂಟ್, ಅಂದರೆ 3 ಸಾವಿರ. ನಾವು ತಗೊಂಡ ರೂಮು 6 ಸಾವಿರದ್ದು. ರೂಮಿನ ಹೆಚ್ಚುವರಿ ಬಾಡಿಗೆ ಮಾತ್ರ ನಾವು ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ. ರೂಮು ಡಬಲ್ ಆದರೆ ಡಾಕ್ಟರ್ ಫೀಸು, ನರ್ಸಿಂಗ್, ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅರ್ಧ ನಮ್ಮ ತಲೆಗೆ. ಮದ್ದು, ಸ್ಟೆಂಟ್‌ಗೆ ಮಾತ್ರ ಈ ಕಡಿತ ಇಲ್ಲ. ಇದರ ಮೇಲೆ ವಯಸ್ಸಾದವರ ಪಾಲಿಸಿ ಅಂತ 20 ಪರ್ಸೆಂಟ್ ನಮ್ಮದೇ ಪಾಲು. ಗ್ಲೌಸು, ಸಿರಿಂಜು ಅಂತ ಉಳಿದ ಚಿಲ್ಲರೆ. ಪಾಲಿಸಿ ಮಾರಿದ ಹುಡುಗ ಇದ್ಯಾವುದನ್ನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೆಣಸು ಮಾರುವಾಗ ಹತ್ತು ಅಂಗಡಿ ರೇಟು ಕೇಳುವವನು ನಾನು!

ಈ ಪಾಲಿಸಿಗೆ ವರ್ಷಕ್ಕೆ ಕಟ್ಟುವುದು 34 ಸಾವಿರ. ಪ್ರೀಮಿಯಂ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು, ಪುಣ್ಯ. ಅದೇ ನಮ್ಮ ಸಹಕಾರ ಸಂಘದ ಸೆಕ್ರೆಟರಿ ಯಶಸ್ವಿನಿ ಮಾಡಿಸಿ ಅಂತ ಎಷ್ಟೋ ಸಲ ಹೇಳಿದ್ದರು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಐನೂರಕ್ಕೆ ಏನು ಬರುತ್ತೆ ಅಂತ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಹಾಗಂತ ವಿಮೆಯೇ ಬೇಡ ಅನ್ನುತ್ತಿಲ್ಲ. ಅದಿಲ್ಲದಿದ್ದರೆ ಪೂರ್ತಿ 2.60 ಲಕ್ಷಕ್ಕೆ ತೋಟದ ಮೇಲೆ ಸಾಲ ಮಾಡಬೇಕಿತ್ತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಅಷ್ಟೆ. ನಾಲ್ಕು ಎಕರೆ ಕಾಫಿ ಇದ್ದವನು ಸಾಹುಕಾರ ಅಂತ ಲೆಕ್ಕ. ಹಣ್ಣಾಗುವ ಹೊತ್ತಿಗೆ ಮಳೆ ಬಂದು ಕಾಯಿ ಉದುರಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಅದು ಬೇರೆ ಕಥೆ, ಬಿಡಿ.

ನನಗೆ ಕೊರೆಯುತ್ತಿರುವುದು ಇನ್ನೊಂದು. ಅವತ್ತು ರಾತ್ರಿ ಡಾಕ್ಟರ್ ಇದ್ದರು. ಮೂರು ವಾರ ಬಿಟ್ಟು ನಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಮನೆಯ, ಹೆಂಗಸೊಬ್ಬರಿಗೆ ಹಾವು ಕಚ್ಚಿತು. ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಮದ್ದಿತ್ತು, ರಾತ್ರಿ ಪಾಳಿಯ ಡಾಕ್ಟರ್ ಇರಲಿಲ್ಲ. ಮಡಿಕೇರಿಗೆ ಕಳಿಸಿದರು. ಬದುಕಿದರು, ಆದರೆ ಕಾಲು ಇನ್ನೂ ಊದಿಕೊಂಡೇ ಇದೆ. ಇಬ್ಬರಿಗೂ ಬೇಕಿದ್ದದ್ದು ಹತ್ತಿರದಲ್ಲಿ ಎಚ್ಚರ ಇರುವ ಒಬ್ಬ ಡಾಕ್ಟರ್. ಅದಕ್ಕೆ ಯಾವ ಕಂಪನಿಯೂ ಪಾಲಿಸಿ ಮಾರುವುದಿಲ್ಲ.

2019ರ ಜೂನ್ ನೆನಪಿದೆಯಾ? ಕೊಡಗಿಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಹ್ಯಾಶ್‌ಟ್ಯಾಗ್ ಹಾಕಿದ್ದೇ ಹಾಕಿದ್ದು. ಅದಕ್ಕೂ ಹಿಂದಿನ ವರ್ಷ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜೋಡುಪಾಲದಲ್ಲಿ ಮಂಗಳೂರು ರಸ್ತೆ ಕೊಚ್ಚಿಹೋಗಿತ್ತು. 2020ರಲ್ಲಿ ಕೋವಿಡ್ ಲಾಕ್‌ಡೌನ್ ಅಂತ ಮಾಕುಟ್ಟದಲ್ಲಿ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದಾಗ, ವಿರಾಜಪೇಟೆಯಿಂದ ಕಣ್ಣೂರು, ತಲಶ್ಶೇರಿ ಆಸ್ಪತ್ರೆಗಳನ್ನು ನಂಬಿದ್ದವರು ಕೈಕೈ ಹಿಸುಕಿಕೊಂಡರು. ದಾರಿ ಬಂದ್ ಆದ ದಿನ ಲಕ್ಷದ ಪಾಲಿಸಿ ಇದ್ದವನಿಗೂ ಇಲ್ಲಿನ ಆಸ್ಪತ್ರೆಯೇ ಗತಿ ಅಂತ ಆಗ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಏನಾಯಿತು ಅಂದರೆ, ನಾವು ಒಬ್ಬೊಬ್ಬರಾಗಿ ಪಾಲಿಸಿ ಮಾಡಿಸಿಕೊಂಡೆವು. ಮಾಡಿಸಿಕೊಂಡವರು ಸುಮ್ನಾದೆವು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ವರ್ಷಕ್ಕೆ 150 ಹುಡುಗರು ಸೇರುತ್ತಾರೆ. ಅಲ್ಲಿ ಏನಿದೆ, ಏನಿಲ್ಲ ಅಂತ ನಾನು ಅಪ್ಪ ಹಾಸಿಗೆ ಹಿಡಿಯುವವರೆಗೂ ಕೇಳಿದವನಲ್ಲ. ಊರಲ್ಲಿ ನಾಲ್ಕು ಮಾತು ಆಡಬಲ್ಲವರು, ಅರ್ಜಿ ಬರೆಯಬಲ್ಲವರು, ಶಾಸಕರಿಗೆ ಫೋನ್ ಮಾಡಬಲ್ಲವರು ನಾವೇ. ನಾವು ಸರ್ಕಾರಿ ಆಸ್ಪತ್ರೆಯ ಗೇಟಿನ ಕಡೆ ತಲೆ ಹಾಕದಿದ್ದರೆ ರಾತ್ರಿ ಪಾಳಿಗೆ ಡಾಕ್ಟರ್ ಯಾಕಿಲ್ಲ ಅಂತ ಕೇಳುವವರು ಯಾರು? ಲೈನ್ ಮನೆಯ ಆ ಹೆಂಗಸು ಕೇಳಬೇಕಾ?

ಮುಂದಿನ ತಿಂಗಳು ರಿನೀವಲ್. ಕಟ್ಟುತ್ತೇನೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಬದಲಾಯಿಸಲು ಆಗುತ್ತಾ ಅಂತಲೂ ವಿಚಾರಿಸುತ್ತಿದ್ದೇನೆ. ಯಶಸ್ವಿನಿಗೆ ಹೆಸರು ಬರೆಸಲು ಶುರುವಾದ ದಿನವೇ ಸಂಘದ ಬಾಗಿಲಲ್ಲಿ ಇರುತ್ತೇನೆ, ಸೆಕ್ರೆಟರಿ ನಕ್ಕರೂ ಪರವಾಗಿಲ್ಲ.

ಜೊತೆಗೆ ಇನ್ನೊಂದು ಕೆಲಸ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ನಮ್ಮ ತಾಲ್ಲೂಕಿನದರಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಅಂತ ಕೇಳಲು ಸೋಮವಾರ ಹತ್ತು ಗಂಟೆಗೆ ಹೋಗುತ್ತಿದ್ದೇನೆ. ಭಾವ ಬರುತ್ತಾರೆ. ಅಪ್ಪನೂ ಬರುತ್ತೇನೆ ಅಂತ ಹಠ ಮಾಡುತ್ತಿದ್ದಾರೆ, ಆ ಸಿಸ್ಟರ್‌ಗೆ ಕೊಡಲು ಒಂದು ಕೆಜಿ ಕಾಫಿಪುಡಿ ಕಟ್ಟಿಸಿಟ್ಟಿದ್ದಾರಂತೆ. ಜೀಪಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.