ತಲೆ ತಿರುಗಿದರೆ ಕಿವಿ ಯಾಕೆ ನೋಡಬೇಕು?

ಇಂಗ್ಲೆಂಡಿನ ಲೆಸ್ಟರಿನ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡುವ ಹುಡುಗಿ, ನನ್ನ ಕಿವಿಗೆ ಹೆಡ್‌ಫೋನ್ ಹಾಕಲು ಬಂದಾಗ ನಗು ತಡೆಯಲಾಗಲಿಲ್ಲ. ನಾನು ಹೋಗಿದ್ದು ತಲೆ ತಿರುಗುತ್ತದೆ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅಂತ ಶಿರಸಿ ಕಡೆಯ ನಮ್ಮನೆಯಲ್ಲಿ ಆಯಿ ಹೇಳುವುದು ನೆನಪಾಯಿತು.

ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಸೀಲಿಂಗು ಗಿರ್ರನೆ ತಿರುಗುತ್ತಿತ್ತು. ಅರ್ಧ ನಿಮಿಷ, ಆಮೇಲೆ ಎಲ್ಲ ಸರಿ. ಜಿಪಿ, ಅಂದರೆ ಇಲ್ಲಿಯ ಮನೆ ಡಾಕ್ಟರು, ಚೀಟಿ ಬರೆದು, ಒಂಬತ್ತು ವಾರ ಕಾದು ಅಲ್ಲಿಗೆ ತಲುಪಿದ್ದೆ. ಮೊದಲು ಸದ್ದೇ ಬಾರದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದಳು. ಬಾಗಿಲು ಹಾಕಿದರೆ ನಮ್ಮ ಉಸಿರೇ ನಮಗೆ ಜೋರಾಗಿ ಕೇಳುತ್ತದೆ. ಸೀಟಿ ಕೇಳಿದಾಗೆಲ್ಲ ಬಟನ್ ಒತ್ತಬೇಕು. 250 ಹರ್ಟ್ಸ್‌ನ ಗುಂಯ್ ಅನ್ನುವ ದನಿಯಿಂದ ಹಿಡಿದು 8000 ಹರ್ಟ್ಸ್‌ನ ಕಿಯ್ ಅನ್ನುವವರೆಗೆ. ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಒಂದು ಸಣ್ಣ ಬಿಲ್ಲೆ ಒತ್ತಿ ಮತ್ತೆ ಅದೇ ಕತೆ. ದೋಷ ಹೊರಗಿವಿ, ನಡುಗಿವಿಯಲ್ಲಿದೆಯೋ ಒಳಗಿವಿ, ನರದಲ್ಲಿದೆಯೋ ಅಂತ ಎರಡನ್ನೂ ಹೋಲಿಸಿದರೆ ಗೊತ್ತಾಗುತ್ತದಂತೆ.

ಕೊನೆಗೆ ಮಂಚ. ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ದಬಕ್ಕನೆ ಹಿಂದಕ್ಕೆ ಮಲಗಿಸಿದಳು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. "ಕಣ್ಣು ಮುಚ್ಚಬೇಡಿ" ಅಂದಳು. ಕೋಣೆ ತಿರುಗತೊಡಗಿತು. ಅವಳು ನೋಡುತ್ತಿದ್ದುದು ನನ್ನ ಕಣ್ಣುಗುಡ್ಡೆ. ಅದು ತಾನಾಗಿ ಟಕಟಕ ಅದುರುತ್ತಿತ್ತಂತೆ. ಡಿಕ್ಸ್ ಮತ್ತು ಹಾಲ್‌ಪೈಕ್ ಅನ್ನುವ ಇಬ್ಬರು ಡಾಕ್ಟರು 1952ರಲ್ಲಿ ಲಂಡನ್ನಿನಲ್ಲಿ ವಿವರಿಸಿದ ಪರೀಕ್ಷೆ ಇದು. ಮೆಷಿನ್ ಬೇಕಿಲ್ಲ. ಒಂದು ಮಂಚ, ಕೆಲಸ ಗೊತ್ತಿರುವ ಎರಡು ಕೈ ಇದ್ದರೆ ಆಯಿತು.

ಒಳಗಿವಿಯಲ್ಲಿ ಸದ್ದು ಕೇಳಿಸುವ ಶಂಖದಂಥ ಭಾಗದ ಪಕ್ಕದಲ್ಲೇ ಮೈಯ ಸಮತೋಲ ಕಾಯುವ ಅಂಗವೂ ಇದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಕಡಲ ಚಿಪ್ಪು ಯಾವುದರಿಂದ ಆಗಿದೆಯೋ ಅದೇ ವಸ್ತು. ಅವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿದರೆ, ಸುಮ್ನೆ ಮಲಗಿದ್ದರೂ ನಾವು ತಿರುಗುತ್ತಿದ್ದೇವೆ ಅಂತ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಆಮೇಲೆ ನನ್ನ ತಲೆಯನ್ನು ಒಂದೊಂದೇ ಕಡೆ ತಿರುಗಿಸುತ್ತಾ, ಹರಳು ವಾಪಸು ಬೀಳುವ ಹಾಗೆ ಮಾಡಿದಳು. ಎಪ್ಲೀ ಅನ್ನುವ ಅಮೆರಿಕದ ಡಾಕ್ಟರು ಕಂಡುಹಿಡಿದ ಉಪಾಯ. ಹತ್ತು ನಿಮಿಷ ಹಿಡಿಯಲಿಲ್ಲ. ಒಂದು ಮಾತ್ರೆ ಇಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಅಪ್ಪಯ್ಯನ ನೆನಪಾಯಿತು. ಎರಡು ವರ್ಷದಿಂದ ಫೋನು ಮಾಡಿದಾಗೆಲ್ಲ, "ಯಂಗೆ ಪಿತ್ತ ಜಾಸ್ತಿ ಆಯ್ದು, ಅಷ್ಟೇಯ" ಅನ್ನುತ್ತಿದ್ದ. ಬೆಳಿಗ್ಗೆ ಏಳುವಾಗ ತಲೆ ಗಿರ್ರನ್ನುತ್ತಿತ್ತು. ಮುರುಗಲ ಪಾನಕ ಆಯಿತು, ಕೊತ್ತಂಬರಿ ಕಷಾಯ ಆಯಿತು. ಡಾಕ್ಟರೊಬ್ಬರು ತಲೆ ಸುತ್ತಿನ ಮಾತ್ರೆ ಬರೆದರು, ಖಾಲಿಯಾದಾಗೆಲ್ಲ ಮೆಡಿಕಲ್ ಶಾಪಿನಿಂದ ಅದನ್ನೇ ತರಿಸಿ ನುಂಗಿದ್ದೂ ಆಯಿತು. ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳಕ್ಕೊಂದು ಸಂಕ, ಅಂದರೆ ಕಾಲುಸೇತುವೆ, ಇದೆ. ಅದನ್ನು ದಾಟುವುದನ್ನೇ ಬಿಟ್ಟುಬಿಟ್ಟಿದ್ದ. ಅಡಕೆ ಬೆಳೆಯುವವನು ತೋಟಕ್ಕೆ ಹೋಗುವುದು ಬಿಟ್ಟ ಅಂದರೆ ಅದು ಸಣ್ಣ ಸಂಗತಿ ಅಲ್ಲ ಅಲ್ವಾ? ಆದರೆ ಅವನ ಕಿವಿ ನೋಡಿಸಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಕಿವಿಯ ಕತೆ ಬೇರೆಯೇ ಇತ್ತು. ತಾಳಮದ್ದಲೆಗೆ ಹೋದರೆ ಮುಂದಿನ ಸಾಲಿನಲ್ಲೇ ಕೂರುವವನು, "ಪದ್ಯ ಚಲೋ ಕೇಳ್ತು, ಅರ್ಥವೇ ಗೊತ್ತಾಗ್ತಿಲ್ಲೆ" ಅಂತ ಎದ್ದು ಬರತೊಡಗಿದ್ದ. ಪದ್ಯದ ಅರ್ಥ ಮಾತಿನಲ್ಲಿ ಹೇಳುವ ಅರ್ಥಧಾರಿಗಳೇ ಸರಿಯಿಲ್ಲ ಅಂತ ಬೈಗುಳ ಬೇರೆ. ವಯಸ್ಸಾದವರ ಕಿವಿಯಲ್ಲಿ ಮೊದಲು ಹೋಗುವುದು ಮೇಲಿನ ಸ್ವರ. ‘ಸ’, ‘ಶ’, ‘ತ’ ಇವೆಲ್ಲ ಅಲ್ಲೇ ಇರುತ್ತವೆ. ಚಂಡೆ ಕೇಳುತ್ತದೆ, ಭಾಗವತರ ಎಳೆದ ದನಿ ಕೇಳುತ್ತದೆ. ಮಾತಿನ ಅಂಚು ಮಾತ್ರ ಸವೆದು ಹೋಗಿರುತ್ತದೆ. ಆದ್ದರಿಂದಲೇ "ಕೇಳ್ತು, ಆದ್ರೆ ತಿಳೀತಿಲ್ಲೆ" ಅನ್ನುವುದು. ನಾವು ಅದನ್ನು ಹಟ ಅಂದುಕೊಂಡು ಇನ್ನಷ್ಟು ಜೋರಾಗಿ ಕೂಗುತ್ತೇವೆ.

ಒಮ್ಮೆ ಪೇಟೆಯ ಕಲ್ಯಾಣಮಂಟಪದಲ್ಲಿ ಉಚಿತ ಶ್ರವಣ ತಪಾಸಣೆ ಶಿಬಿರಕ್ಕೆ ಅವನನ್ನು ಕರೆದುಕೊಂಡು ಹೋಗಿದ್ದೆವು. ತಲೆ ಮೇಲೆ ಫ್ಯಾನು, ಹಿಂದೆ ಪಾತ್ರೆ ತೊಳೆಯುವ ಸದ್ದು. ಅಲ್ಲೇ ಸೀಟಿ ಕೇಳಿಸಿ ಗೆರೆ ಎಳೆದರು. ತಪಾಸಣೆ ಉಚಿತ, ಕಿವಿಗೆ ಹಾಕುವ ಮೆಷಿನ್ನಿಗೆ ಮಾತ್ರ 48 ಸಾವಿರ, ಅದೂ ಒಂದು ಕಿವಿಗೆ. ಕೊಂಡೆವು. "ಬರೀ ಗಲಾಟೆಯೇ ಕೇಳ್ತು" ಅಂತ ಮೂರನೇ ದಿನ ತೆಗೆದಿಟ್ಟ. ಈಗಲೂ ಅದು ದೇವರ ಕೋಣೆಯ ಕಪಾಟಿನ ಸ್ಟೀಲ್ ಡಬ್ಬಿಯಲ್ಲಿ, ಹಳೇ ಬೆಳ್ಳಿ ನಾಣ್ಯಗಳ ಜೊತೆ ಇದೆ. ಬ್ಯಾಟರಿಯ ಕಿತ್ತಳೆ ಬಣ್ಣದ ಚೀಟಿ ಕಿತ್ತು ಒಂದು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಬೇಕು ಅನ್ನುವಷ್ಟನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಮೆಷಿನ್ ಮಾರಿದವರು ಮತ್ತೆ ಊರಿಗೆ ಬರಲೂ ಇಲ್ಲ.

ಇಲ್ಲಿ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ, ಹಾಗಿಲ್ಲ. 1948ರಲ್ಲಿ ಅದು ಶುರುವಾದ ವರ್ಷವೇ ಮೆಡ್ರೆಸ್ಕೋ ಅನ್ನುವ ಶ್ರವಣ ಯಂತ್ರವನ್ನು ದುಡ್ಡಿಲ್ಲದೆ ಕೊಡತೊಡಗಿದರು. ಈಗಲೂ ಯಂತ್ರ ಸಾಲದ ಲೆಕ್ಕದಲ್ಲಿ ಪುಕ್ಕಟೆ, ಬ್ಯಾಟರಿ ಪುಕ್ಕಟೆ. ನಮ್ಮ ಬೀದಿಯ ಮುದುಕರೊಬ್ಬರು ತಿಂಗಳಿಗೊಮ್ಮೆ ಬ್ಯಾಟರಿ ತರಲು ಹೊರಡುವುದನ್ನು ನೋಡಿದರೆ ರೇಷನ್ ಅಂಗಡಿಗೆ ಹೊರಟ ಹಾಗೆ ಕಾಣುತ್ತದೆ. ಇದು ದಾನ ಅಲ್ಲ, ತಮಗೆ ಬರಬೇಕಾದ್ದು ಅನ್ನುವ ನಡಿಗೆ.

ಹಾಗಂತ ಇಲ್ಲಿ ಎಲ್ಲ ಬಂಗಾರ ಅಲ್ಲ. ಮುಂದಿನ ಸಲ ತಪಾಸಣೆಗೆ ಹೋದಾಗ ಕಿವಿಯಲ್ಲಿ ಗುಗ್ಗೆ ಇದೆ, ತೆಗೆಸಿಕೊಂಡು ಬನ್ನಿ ಅಂತ ವಾಪಸು ಕಳಿಸಿದರು. ಜಿಪಿ ಕಡೆ ಕೇಳಿದರೆ ನಾವು ಆ ಕೆಲಸ ಬಿಟ್ಟಿದ್ದೇವೆ ಅಂದರು. ಕೊನೆಗೆ ಖಾಸಗಿಯಲ್ಲಿ ದುಡ್ಡು ಕೊಟ್ಟು ತೆಗೆಸಿದೆ. ಮತ್ತೆ ಏಳು ವಾರ ಕಾದೆ. ಶಿರಸಿಯಲ್ಲಾದರೆ ಸಂಜೆ ಹೆಸರು ಬರೆಸಿದರೆ ಇಎನ್‌ಟಿ ಡಾಕ್ಟರು ಎಂಟರೊಳಗೆ ಗುಗ್ಗೆ ತೆಗೆದು ಕಳಿಸುತ್ತಾರೆ. ನಮ್ಮಲ್ಲಿ ಡಾಕ್ಟರು ಬೇಗ ಸಿಗುತ್ತಾರೆ, ಡಾಕ್ಟರ ಸಮಯ ಸಿಗುವುದಿಲ್ಲ. ಇಲ್ಲಿ ತದ್ವಿರುದ್ಧ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಪ್ಪಯ್ಯನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ತಲೆ ತಿರುಗುತ್ತದೆ ಅನ್ನುವವನನ್ನು ದೇವಿಮನೆ ಘಾಟಿಯ ತಿರುವುಗಳಲ್ಲಿ ಇಳಿಸಿ, ಹೆದ್ದಾರಿ ಹಿಡಿದು ಅಷ್ಟು ದೂರ ಒಯ್ಯಬೇಕು. ಕತಗಾಲದಲ್ಲಿ ಎರಡು ಸಲ ಕಾರು ನಿಲ್ಲಿಸಿದೆ. ಅಲ್ಲಿ ಅದೇ ಸದ್ದಿಲ್ಲದ ಕೋಣೆ, ಅದೇ ಮಂಚ, ಅದೇ ಹರಳಿನ ಕತೆ. ಒಂದು ಮಾತ್ರ ಲೆಸ್ಟರಿಗಿಂತ ಮೇಲಾಗಿತ್ತು. ಹುಡುಗಿ ಕನ್ನಡದ ಪದ ಒಂದೊಂದೇ ಹೇಳಿ, ತಿರುಗಿ ಹೇಳಿ ಅಂದಳು. ಅವನು ಗಂಭೀರವಾಗಿ ‘ಹಾಸಿಗೆ’ಗೆ ‘ಹಾಲಿಗೆ’ ಅಂದ. ಇಂಥ ಪರೀಕ್ಷೆಗೆ ಕನ್ನಡದ್ದೇ ಪದಪಟ್ಟಿಗಳನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿದ್ದಾರೆ. 1965ರಿಂದ ಇರುವ ಸಂಸ್ಥೆ ಅದು. ಲೆಸ್ಟರಿನಲ್ಲಿ ನಮ್ಮ ಕಡೆಯ ಅಜ್ಜಿ ಯಾರಾದರೂ ಹೋದರೆ ಇಂಗ್ಲಿಷ್ ಪದ ಕೇಳಿಸುತ್ತಾರೆ. ತಪ್ಪಿದ್ದು ಕಿವಿಯದೋ ಭಾಷೆಯದೋ ಯಾರು ಹೇಳುವುದು?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೂಗಿದೆ. ಖಂಡಿತ ಬೇಕು. ಹೊನ್ನಾವರದವರು ಕುಂದಾಪುರಕ್ಕೋ ಮಣಿಪಾಲಕ್ಕೋ, ಕಾರವಾರದವರು ಗೋವಾಕ್ಕೋ ಆಂಬ್ಯುಲೆನ್ಸಿನಲ್ಲಿ ಓಡುವುದು ಎಷ್ಟು ದಿನ? ಆದರೆ ಆ ಕೂಗಿನಲ್ಲಿ ನನಗೊಂದು ತಕರಾರಿದೆ. ನಾವು ಕೇಳುವುದು ಹೃದಯಕ್ಕೆ, ಅಪಘಾತಕ್ಕೆ. ತಾಲೂಕು ಆಸ್ಪತ್ರೆಗೆ ಒಬ್ಬ ಆಡಿಯಾಲಜಿಸ್ಟ್, ಫ್ಯಾನಿನ ಸದ್ದಿಲ್ಲದ ಒಂದು ಕೋಣೆ, ಒಂದು ಮಂಚ ಬೇಕು ಅಂತ ಯಾರಾದರೂ ಬ್ಯಾನರ್ ಹಿಡಿದದ್ದನ್ನು ನಾನು ನೋಡಿಲ್ಲ. ಕಿವುಡುತನ ತಡೆಯಲು 2007ರಿಂದ ಕೇಂದ್ರದ ಕಾರ್ಯಕ್ರಮವೇ ಇದೆ. ಅದಕ್ಕೆ ಹತ್ತು ಮಹಡಿಯ ಕಟ್ಟಡ ಬೇಕಿಲ್ಲ. ಎರಡು ವರ್ಷ ಪಿತ್ತ ಅಂತ ಕೂತವನಿಗೆ ಬೇಕಾಗಿದ್ದು ಹತ್ತು ನಿಮಿಷ, ನಾಲ್ಕು ತಾಸು ದೂರದಲ್ಲಿ.

ಅಪ್ಪಯ್ಯ ಈಗ ಸಂಕ ದಾಟುತ್ತಾನೆ. ಎರಡೂ ಕಿವಿಗೆ ಹೊಸ ಮೆಷಿನ್ ಬಂದಿದೆ, ತೋಟಕ್ಕೆ ಹೋಗುವಾಗ ಮಾತ್ರ ಬೆವರಿಗೆ ಹಾಳಾಗುತ್ತದೆ ಅಂತ ತೆಗೆದಿಡುತ್ತಾನೆ. ಅವನು ದಾಟದೇ ಇದ್ದಾಗ ಆಯಿ ಸಂಕದ ಪಕ್ಕಕ್ಕೆ ಅಡಕೆ ದಬ್ಬೆಯ ಕೈಹಿಡಿ ಕಟ್ಟಿಸಿದ್ದಳು. ಇನ್ನು ಬೇಡ, ಬಿಚ್ಚು ಅಂತ ಅವನು ಹೇಳುತ್ತಲೇ ಇದ್ದಾನೆ. ಅವಳು ಕೇಳಿಸದವಳ ಹಾಗೆ ಇದ್ದಾಳೆ.