ಸ್ಟೆಂಟ್ ಹಾಕಿಸ್ಕೊಂಡು ಮನೆಗೆ ಬಂದವರನ್ನೂ ಒಂದು ಮಾತು ಕೇಳಿ

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಸತ್ತ ಸುದ್ದಿ ಎಲ್ಲಾ ಟಿವಿಗಳಲ್ಲೂ ಬಂತು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಆದರೆ ಅಟ್ಯಾಕ್ ಆಗಿ, ಬದುಕಿ ಮನೆಗೆ ಬಂದವರ ಬಗ್ಗೆ ಮಾತೇ ಇರಲಿಲ್ಲ. ನನಗೆ ಅವರ ಚಿಂತೆಯೇ ಜಾಸ್ತಿ.

ಅರಕಲಗೂಡು ಕಡೆಯ ನಮ್ಮ ಚಿಕ್ಕಪ್ಪನಿಗೆ ಅಟ್ಯಾಕ್ ಆದಾಗ ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ತೆರೆದಿಡೋ ಪುಟ್ಟ ಜಾಲರಿ ಕೊಳವೆ, ಹಾಕಿ ಕಳಿಸಿದರು. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದು ಇಷ್ಟೇ: ಉಪ್ಪು, ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ, ಬೀಡಿ ಬಿಡಿ. "ದಿನವೆಲ್ಲ ಹೊಲದಲ್ಲೇ ಇರ್ತೀನಿ. ಕೈ ಬೀಸ್ಕೊಂಡು ಸುಮ್ನೆ ರಸ್ತೇಲಿ ಹೋದ್ರೆ ಜನ ಏನಂತಾರೆ?" ಅಂದರು ಚಿಕ್ಕಪ್ಪ. ಇದು ಹಟ ಅಲ್ಲ. ಹಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯೋರನ್ನ ಜನ ನೋಡೋ ರೀತಿಯೇ ಬೇರೆ. ಮತ್ತೆ ಯಾವುದು ಆಗುತ್ತೆ ಅಂತ ಕೇಳಿದಾಗ, ಸಂಜೆ ಡೇರಿಗೆ ನಡೆದೇ ಹೋಗ್ತೀನಿ ಅಂದರು. ಹಾಲಿನ ಕ್ಯಾನ್ ಮಗ ಬೈಕಲ್ಲಿ ತರ್ತಾನೆ. ಡಾಕ್ಟರೂ ಒಪ್ಪಿದರು. ಈಗ ಯಾರೂ ನೆನಪಿಸಬೇಕಿಲ್ಲ.

ಊಟದ್ದೂ ಹಾಗೇ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಮುದ್ದೆಗೆ ಸಪ್ಪೆ ಸಾರು ಚಿಕ್ಕಪ್ಪನಿಗೆ ಸೇರಲ್ಲ. ಉಪ್ಪಿನಕಾಯಿ, ಹಪ್ಪಳ ಬಿಡ್ತೀನಿ ಅಂದರು. ಸರಿ, ಅಲ್ಲಿಂದಲೇ ಶುರುವಾಗಲಿ. ಅಡುಗೆ ಮಾಡೋ ಚಿಕ್ಕಮ್ಮನಿಗೆ ಆಸ್ಪತ್ರೆಯಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಇದು ನನಗೆ ನಿಜಕ್ಕೂ ಬೇಜಾರಾದ ವಿಷಯ.

ರಸ್ತೆಯಲ್ಲಿ ನಡೆಯೋಕೆ ಸಂಕೋಚಪಡುವ ಹೆಂಗಸರೂ ಇದ್ದಾರೆ. ಅವರಿಗೆ ಮನೆಯೊಳಗಿನ ಯೋಗ ಹಿಡಿಸಬಹುದು. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ, ಅಟ್ಯಾಕ್ ಆದ 3,959 ಜನರ ಮೇಲೆ ಯೋಗದ ಅಧ್ಯಯನವೊಂದು ನಡೆದು, 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ಮೊದಲಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು, ಆರೋಗ್ಯ ಸುಧಾರಿಸಿದೆ ಅಂದರು. ಮತ್ತೆ ಅಟ್ಯಾಕ್ ಆಗೋದು ಇದರಿಂದ ತಪ್ಪುತ್ತೆ ಅಂತ ಮಾತ್ರ ಸಾಬೀತಾಗಲಿಲ್ಲ. ಹಾಗಾಗಿ ಯೋಗ ಮಾಡ್ತೀನಲ್ಲ ಅಂತ ಮಾತ್ರೆ ಬಿಡೋ ಹಾಗಿಲ್ಲ.

ಮಾತ್ರೆ ವಿಷಯದಲ್ಲಿ ರೋಗಿಯ ಇಷ್ಟ ಕೇಳೋ ಮಾತೇ ಇಲ್ಲ. ರಕ್ತ ತೆಳುವಾಗಿಸೋ ಮಾತ್ರೆ ಡಾಕ್ಟರನ್ನ ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಬೀಡಿನೂ ಬಿಡಲೇಬೇಕು. ಹೇಗೆ ಬಿಡೋದು ಅನ್ನೋದು ಅವರ ಆಯ್ಕೆ. ತಂಬಾಕು ಬಿಡೋರಿಗೆ 1800-11-2356 ಅನ್ನೋ ಉಚಿತ ಸಹಾಯವಾಣಿ ಇದೆ.

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ನೋಡ್ತಾರೆ ಅಲ್ವಾ? ಅಟ್ಯಾಕ್ ಆದವರನ್ನ, ಅವರ ಮನೆಯಲ್ಲಿ ಅಡುಗೆ ಮಾಡೋರನ್ನ ಅಲ್ಲೇ ಜೊತೆಗೆ ಕೂರಿಸಿ, ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಲಿ. ನಮ್ಮ ಶಾಸಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನ ಹಾಸನದಿಂದಲೇ ಶುರು ಮಾಡಲಿ ಅನ್ನೋದು ನನ್ನ ಮನವಿ.