ಎಂಜಿನ್ ನಂಬರ್ ಇಲ್ಲದ ಮನುಷ್ಯ

ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹಳೇ ಬ್ರಿಟಿಷ್ ಕಾರು ಮಾರಿಸ್ ಮೈನರ್‌ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಅದನ್ನು ತಳ್ಳಿಕೊಟ್ಟ ಪುಣ್ಯಾತ್ಮರೂ ಇಲ್ಲಿ ನಾಲ್ಕೈದು ಜನ ಇದ್ದೀರಿ.

ನಮ್ಮಲ್ಲೂ ಹಳೇ ಕಾರುಗಳದ್ದೊಂದು ಕ್ಲಬ್ ಆಗಬೇಕು ಅಂತ ಎಷ್ಟೋ ವರ್ಷಗಳಿಂದ ಮಾತಿತ್ತಲ್ಲ, ಇವತ್ತು ಆಯಿತು. ಮೂರು ಗಂಟೆ ಸಭೆ. ಒಂದು ಗಂಟೆ ಹೆಸರಿಗೇ ಹೋಯಿತು. 'ಕ್ಲಾಸಿಕ್' ಅನ್ನಬೇಕೋ, 'ವಿಂಟೇಜ್' ಅನ್ನಬೇಕೋ. ಇನ್ನೊಂದು ಗಂಟೆ ಲಾಂಛನದಲ್ಲಿ ಸ್ಟೇರಿಂಗ್ ಇರಬೇಕೋ, ಚಕ್ರ ಇರಬೇಕೋ ಅಂತ. ಬರೆದರೆ ಎರಡೂ ದುಂಡಗೇ ಕಾಣುತ್ತವಲ್ಲ ಸ್ವಾಮಿ! ಕೊನೆಗೆ ಸದಸ್ಯತ್ವದ ಫಾರಂ ಬಂತು. ಹೆಸರು, ವಿಳಾಸ, ಮಾಡೆಲ್, ವರ್ಷ, ಎಂಜಿನ್ ನಂಬರ್, ಷಾಸಿ ನಂಬರ್. ಕಾರಿದ್ದವರಿಗೆ ಮಾತ್ರ.

ಬಾಗಿಲ ಹತ್ತಿರ ನಮ್ಮ ಕಾರು ರಿಪೇರಿ ಮಾಡುವ ಮೇಸ್ತ್ರಿ ನಿಂತಿದ್ದರು. ಒಳಗೆ ಕೂತಿದ್ದವರು ಹದಿನಾಲ್ಕು ಜನ. ಅದರಲ್ಲಿ ಹನ್ನೊಂದು ಜನರ ಕಾರು ಇವತ್ತಿಗೂ ರಸ್ತೆಗೆ ಇಳಿಯುತ್ತಿದ್ದರೆ ಅದು ಅವರ ಕೈಗುಣ. ಅವರೂ ಒಂದು ಫಾರಂ ಇಸ್ಕೊಂಡು ಓದಿದರು. ಎಂಜಿನ್ ನಂಬರ್ ಅನ್ನೋ ಜಾಗದಲ್ಲಿ ಬೆರಳಿಟ್ಟರು. "ನಂದು ಎಲ್ಲಿ ಹೊಡ್ದಿದಾರೋ ನೋಡ್ಬೇಕು ಸಾರ್" ಅಂತ ನಕ್ಕು ವಾಪಸ್ ಕೊಟ್ಟರು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ನಗು ಗಂಟಲಲ್ಲೇ ಸಿಕ್ಕಿಕೊಂಡಿತು.

ಮೈನರ್ ಓಡಿಸಿದವರಿಗೆ ಗೊತ್ತು. ಕೀ ತಿರುಗಿಸಿದ ಕೂಡಲೇ ಬಾನೆಟ್ ಒಳಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪು ಟಿಕ್ ಟಿಕ್ ಅನ್ನುತ್ತೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ತುಂಬಿದರೆ ಸುಮ್ಮನಾಗುತ್ತೆ. ಸುಮ್ಮನಾಗದೇ ಬಡಿದುಕೊಳ್ಳುತ್ತಲೇ ಇದ್ದರೆ ಪೆಟ್ರೋಲ್ ಇಲ್ಲ, ಇಲ್ಲಾಂದ್ರೆ ಎಲ್ಲೋ ಗಾಳಿ ಎಳೆಯುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿನೊಳಗಿನ ಪಾಯಿಂಟ್ ಕೆಟ್ಟಿರಬಹುದು. ಮೇಸ್ತ್ರಿ ಇದನ್ನೆಲ್ಲ ಬಾನೆಟ್ ಎತ್ತುವ ಮೊದಲೇ ಹೇಳುತ್ತಾರೆ. ಸ್ಪ್ಯಾನರಿನಿಂದ ಮೆಲ್ಲಗೆ ಒಂದು ತಟ್ಟು. ಟಿಕ್ ಟಿಕ್ ಶುರು. ಇನ್ನು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಗ್ಯಾಪು ಸುಮಾರು 0.015 ಇಂಚು. ಅರ್ಧ ಮಿಲಿಮೀಟರೂ ಇಲ್ಲ. ನಾನು ಗ್ಯಾಪು ಅಳೆಯುವ ಫೀಲರ್ ಗೇಜ್ ಹಿಡಿದು ಅರ್ಧ ದಿನ ಒದ್ದಾಡಿದರೂ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಲೇ ಇರುತ್ತೆ. ಅವರಿಗೆ ಅದು ಎರಡು ನಿಮಿಷದ ಕೆಲಸ. ಇದನ್ನು ಫಾರಂನ ಯಾವ ಖಾನೆಯಲ್ಲಿ ಬರೆಯೋದು?

ನಾನು ಕೇಳಿದೆ. ಅಧ್ಯಕ್ಷರು (ಆಯ್ಕೆಯಾಗಿ ಹತ್ತು ನಿಮಿಷ ಆಗಿತ್ತು, ಗತ್ತು ಆಗಲೇ ಬಂದಿತ್ತು) "ಎಲ್ಲಾದರೂ ಒಂದು ಗೆರೆ ಎಳೀಲೇಬೇಕಲ್ವಾ" ಅಂದರು. ಎಳೀರಿ, ಕಾರಿಗೆ ಎಳೀರಿ! ಅಲ್ಲೂ ಗೆರೆ ಅನ್ನೋದು ಎಳೆದವರ ಇಷ್ಟ. ಅಮೆರಿಕದಲ್ಲಿ 1952ರಲ್ಲಿ ಶುರುವಾದ ಕ್ಲಾಸಿಕ್ ಕಾರ್ ಕ್ಲಬ್ಬಿನ ಲೆಕ್ಕವೇ ಬೇರೆ. ಅವರಿಗೆ 1915ರಿಂದ 1948ರೊಳಗಿನ, ಅದೂ ಅವರು ಒಪ್ಪಿದ ಭಾರಿ ಕಾರುಗಳೇ ಕ್ಲಾಸಿಕ್. ನನ್ನ ಬಡಪಾಯಿ ಮೈನರ್‌ಗೆ ನೂರು ವರ್ಷ ತುಂಬಿದರೂ ಅಲ್ಲಿ ಜಾಗ ಇಲ್ಲ. 1966ರಿಂದ ಇರುವ ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ಆಗಿದ್ದರೆ ಸಾಕು, ಮೂಲದಂತೆ ಕಾಪಾಡಿರಬೇಕು ಅನ್ನುತ್ತೆ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಂತೂ 1934ರಲ್ಲಿ ಹುಟ್ಟಿದ್ದೇ ಜೇಬು ಅಷ್ಟೇನೂ ದಪ್ಪ ಇಲ್ಲದವರಿಗಾಗಿ. ಇನ್ನೊಂದು ತಮಾಷೆ ಕೇಳಿ. ಹಳೇ ವಾಹನಗಳನ್ನು ಕಾಪಾಡೋಕೆ ಅಂತ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಇದೆಯಲ್ಲ, ಅದು ವಾಹನಗಳ ಜೊತೆಗೆ ಕಾರ್ಖಾನೆ, ಪೆಟ್ರೋಲ್ ಬಂಕ್, ರಸ್ತೆಯನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಪೆಟ್ರೋಲ್ ಬಂಕಿಗೂ ಮರ್ಯಾದೆ ಇರುವ ಲೋಕದಲ್ಲಿ ನಮ್ಮ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು.

ಕಾರಿಲ್ಲದವರನ್ನೂ ಸೇರಿಸಿದರೆ ಸುಮ್ನೆ ಫೋಟೋ ತೆಗೆಸಿಕೊಳ್ಳೋಕೆ ಬರುವವರೇ ಜಾಸ್ತಿ ಆಗ್ತಾರೆ ಅಂತ ಇನ್ನೊಬ್ಬರು ಹೇಳಿದರು. ಮಾತು ಸರಿಯೇ. ಆದರೆ ಕಾರಿದ್ದ ನಾವು ಇವತ್ತು ಅದನ್ನು ಬಿಟ್ಟು ಬೇರೇನು ಮಾಡಿದೆವು? ಎಣಿಸಿದೆ, ಹದಿನೇಳು ಫೋಟೋ.

ಒಂದು ವಿಷಯ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡರೆ ನಿದ್ದೆ ಬರಲ್ಲ. ಓಡದ ಮೂರು ಕಾರುಗಳಲ್ಲಿ ಒಂದು ನನ್ನದೇ. ಎರಡು ವರ್ಷದಿಂದ ಇಟ್ಟಿಗೆ ಮೇಲೆ ನಿಂತಿದೆ. ಆದರೂ ಎಂಜಿನ್ ನಂಬರ್ ಇದೆಯಲ್ಲ, ಹಾಗಾಗಿ ನಾನು ಏಳನೇ ನಂಬರಿನ ಸದಸ್ಯ. ಅಷ್ಟೆಲ್ಲ ವಾದ ಮಾಡಿದವನು, ಕೊನೆಗೆ "ನಿಯಮಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ" ಅಂದಾಗ ಅಕ್ಕಪಕ್ಕ ನೋಡಿದೆ. ಎಲ್ಲರ ಕೈ ಮೇಲಿತ್ತು. ನಾನೂ ಎತ್ತಿದೆ. ಮೇಸ್ತ್ರಿ ನೋಡುತ್ತಿದ್ದರು.

ಮುಂದಿನ ಭಾನುವಾರ ಕ್ಲಬ್ಬಿನ ಮೊದಲ ರ‍್ಯಾಲಿ. ಹೊರಡುವ ಮೊದಲು ಎಲ್ಲ ಕಾರುಗಳನ್ನೂ ಒಂದು ಸಲ ನೋಡಿಕೊಡಿ ಅಂತ ಮೇಸ್ತ್ರಿಗೆ ಹೇಳಿದ್ದಾರೆ. ಅವರು ಹೂಂ ಅಂದಿದ್ದಾರೆ. ಹೊರಡುವಾಗ ನನ್ನ ಹತ್ತಿರ ಬಂದು, "ನಿಮ್ಮ ಗಾಡಿ ಬ್ರೇಕ್ ನಾಳೆ ಬೆಳಿಗ್ಗೆನೇ ಬಿಚ್ಚೋಣ ಸಾರ್, ಭಾನುವಾರಕ್ಕೆ ಆಗ್ಬೇಕಲ್ಲ" ಅಂದರು. ಅವರು ಏಳಕ್ಕೆಲ್ಲ ಬಂದುಬಿಡುತ್ತಾರೆ. ಬಾಗಿಲು ತೆಗೆದು ಏನು ಹೇಳೋದು ಅಂತ ಆಗಿನಿಂದ ಯೋಚಿಸುತ್ತಿದ್ದೇನೆ.